ಬುದ್ಧಿ ಹೇಳದಿರಲು ಕಲಿತ ಓನರಮ್ಮ

ಮೂಡಲಪಾಳ್ಯದ ಓನರಮ್ಮ ತೀರಿಕೊಂಡರು. ತಿಥಿ ಊಟಕ್ಕೆ ಹೋಗಿದ್ದೆ. ಮನೆ ಮುಂದಿನ ರಸ್ತೆಗೆ ಅಡ್ಡಲಾಗಿ ಶಾಮಿಯಾನ ಹಾಕಿಸಿ ಬಡಿಸುತ್ತಿದ್ದರು. ನನ್ನ ಪಕ್ಕ ಕೂತಿದ್ದವನು ಅವರದೇ ಕಟ್ಟಡದ ಎರಡನೇ ಮಹಡಿಯ ಬಾಡಿಗೆದಾರ. ಅನ್ನಕ್ಕೆ ಸಾರು ಕಲೆಸುತ್ತ, "ಒಳ್ಳೆ ಹೆಂಗ್ಸು ಸಾರ್. ಮುಂಚೆ ಬಾಯಿ ಜೋರಂತೆ. ನಾವ್ ಬಂದ್ಮೇಲೆ ಒಂದಿನಾನೂ ಹಿಂಗ್ ಮಾಡಿ, ಹಂಗ್ ಮಾಡ್ಬೇಡಿ ಅಂದಿದ್ದೇ ಇಲ್ಲ. ಇಂಥ ಓನರ್ ಎಲ್ ಸಿಗ್ತಾರೆ ಹೇಳಿ" ಎಂದ. ನನಗೆ ಸಿಟ್ಟು ಬಂತು. ಅವನ ತಪ್ಪೇನೂ ಇಲ್ಲ, ಆದರೂ ಬಂತು. ಆ ಬಾಯಿ ಯಾಕೆ ಮುಚ್ಚಿತು ಎಂದು ಗೊತ್ತಿದ್ದವನು ಆ ಪಂಕ್ತಿಯಲ್ಲಿ ನಾನೊಬ್ಬನೇ ಇದ್ದೆ ಅಂತ ಕಾಣುತ್ತದೆ. ಉಣ್ಣುವವರ ನಡುವೆ ಅದನ್ನೆಲ್ಲ ಹೇಳುವುದು ಹೇಗೆ? ಅರ್ಧಕ್ಕೇ ಎದ್ದು ಬಂದೆ.

ಓನರಮ್ಮ ಎಂಬುದು ಹೆಸರಲ್ಲ. ಅವರ ಮಾವನ ಕಾಲದ ರಾಗಿ ಹೊಲ ಸೈಟುಗಳಾಗಿ, ಸೈಟುಗಳ ಮೇಲೆ ಬಾಡಿಗೆ ಮನೆಗಳೆದ್ದವು. ಆ ಮನೆಗಳಲ್ಲಿ ಸೇರಿಕೊಂಡ ಗಾರ್ಮೆಂಟ್ಸ್ ಹೆಂಗಸರು, ಕಾಲೇಜು ಹುಡುಗರು, ಡೆಲಿವರಿ ಹುಡುಗರು ಎಲ್ಲರೂ ಕರೆಯುತ್ತಿದ್ದುದು ಹಾಗೆ. ನಮ್ಮ ಕ್ಲಾಸಿನಲ್ಲೂ ಅದೇ ಉಳಿಯಿತು. ನಾಗರಬಾವಿಯಲ್ಲಿ ಒಂದು ಸಂಸ್ಥೆ ಕೌನ್ಸೆಲಿಂಗ್ ಡಿಪ್ಲೊಮಾ ನಡೆಸುತ್ತಿತ್ತು. ಹೈಸ್ಕೂಲು ಮೇಷ್ಟ್ರ ಕೆಲಸಕ್ಕೆ ಸ್ವಯಂನಿವೃತ್ತಿ ತೆಗೆದುಕೊಂಡು ನಾನು ಅಲ್ಲಿ ಸೇರಿದ್ದೆ. ಕ್ಲಾಸಿನ ತುಂಬ ಆಗಷ್ಟೇ ಡಿಗ್ರಿ ಮುಗಿಸಿದ ಮಕ್ಕಳು. 'ಸ್ಪೇಸ್ ಕೊಡಬೇಕು', 'ಜಡ್ಜ್ ಮಾಡಬಾರದು' ಎಂದು ಅವರು ಮಾತಾಡುವುದನ್ನು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ತಲೆ ನರೆತವರು ಓನರಮ್ಮ, ನಾನು ಇಬ್ಬರೇ, ಹಾಗಾಗಿ ಕೊನೆಯ ಬೆಂಚು ನಮ್ಮದು.

ಮೊದಲ ದಿನವೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೇಷ್ಟ್ರಾಗಿದ್ರಾ? ನೋಡಿದ್ರೇ ಗೊತ್ತಾಗುತ್ತೆ ಬಿಡಿ, ಕೋಲು ಒಂದು ಕಮ್ಮಿ" ಎಂದರು. ಇಲ್ಲಿಗ್ಯಾಕೆ ಬಂದಿರಿ ಎಂದು ಕೇಳಿದ್ದಕ್ಕೆ, "ನಮ್ ಬಾಡ್ಗೆ ಮನೆಯೋರೆಲ್ಲ ಕಷ್ಟ ಸುಖ ನನ್ನತ್ರಾನೇ ಹೇಳ್ಕೊತಾರೆ. ನಾನು ಬಾಯಿಗ್ ಬಂದಿದ್ದೇನೋ ಹೇಳಿ ಕಳಿಸ್ತೀನಿ. ಕಲ್ತು ಹೇಳಣ ಅಂತ ಬಂದೆ ಮೇಷ್ಟ್ರೇ" ಎಂದರು.

ಅವರು ಹೇಳುವ ರೀತಿಯೂ ಹಾಗೇ ಇತ್ತು. ಕುಡಿದು ಬಂದು ಹೆಂಡತಿಗೆ ಹೊಡೆಯುತ್ತಿದ್ದ ಒಬ್ಬ ಬಾಡಿಗೆದಾರನನ್ನು ಗೇಟಿನ ಹೊರಗೇ ನಿಲ್ಲಿಸಿ, ಬೀದಿಯವರೆಲ್ಲ ನೋಡುತ್ತಿರುವಾಗ, ಅವನು ಹೆಂಡತಿಯ ಕ್ಷಮೆ ಕೇಳುವ ತನಕ ಬೀಗ ತೆಗೆದಿರಲಿಲ್ಲವಂತೆ. ಅದನ್ನು ಅಡುಗೆಯ ವಿಷಯ ಹೇಳುವಷ್ಟು ಸಲೀಸಾಗಿ ಹೇಳಿದ್ದರು.

ತರಬೇತಿಯಲ್ಲಿ ನಾವು ಪರಸ್ಪರ ಕಷ್ಟ ಹೇಳಿಕೊಳ್ಳುವ ಅಭ್ಯಾಸ ಮಾಡಬೇಕಿತ್ತು. ಒಬ್ಬರು ಕ್ಲೈಂಟು, ಇನ್ನೊಬ್ಬರು ಕೌನ್ಸೆಲರ್. ನಾನು ಅಪ್ಪನ ಜೊತೆ ಮಾತು ಬಿಟ್ಟ ಮಗನ ಪಾತ್ರ ವಹಿಸಿ, ಬೆಳಗ್ಗೆಯಿಂದ ತಯಾರಿ ಮಾಡಿಕೊಂಡ ದುಃಖವನ್ನೆಲ್ಲ ಮುಖದ ಮೇಲೆ ತಂದುಕೊಂಡು ಕೂತೆ. ಓನರಮ್ಮ ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆಮೇಲೆ, "ನಿಮ್ಮಪ್ಪ ಏನ್ ಇನ್ನೂ ನೂರು ವರ್ಷ ಇರ್ತಾನಾ? ನಾಳೆ ಬೆಳಗ್ಗೆ ಹೋಗಿ ಕಾಲಿಗ್ ಬೀಳು. ಮುಗೀತು. ಮುಂದಿನೋರು ಬನ್ನಿ" ಎಂದರು. ಕ್ಲಾಸು ಬಿದ್ದು ಬಿದ್ದು ನಕ್ಕಿತು.

ಮೇಡಂ ನಗಲಿಲ್ಲ. ನಮಗೆ ಪಾಠ ಮಾಡುತ್ತಿದ್ದವರು, ನಮ್ಮ ಪ್ರಾಕ್ಟಿಕಲ್ಸ್ ನೋಡಿಕೊಳ್ಳುತ್ತಿದ್ದವರು ಅವರೇ. ಒಳ್ಳೆಯ ಹೆಂಗಸು, ಮಾತು ಮೆದು. "ಇದು ಪಂಚಾಯ್ತಿ ಕಟ್ಟೆ ಅಲ್ಲಮ್ಮ. ಇಲ್ಲಿ ಯಾರಿಗೂ ಬುದ್ಧಿ ಹೇಳೋ ಹಾಗಿಲ್ಲ. ಅವರ ತೀರ್ಮಾನ ಅವರೇ ತಗೋಬೇಕು. ನಾವು ಕೇಳಿಸ್ಕೋಬೇಕು" ಎಂದರು.

"ಕಣ್ಮುಂದೆ ಹಾಳಾಗೋಗ್ತಿದ್ರೂ ನೋಡ್ತಾ ಕೂರ್ಬೇಕಾ?"

"ಜೀವಕ್ಕೆ ಅಪಾಯ ಅಂದ್ರೆ ಬೇರೆ ವಿಷಯ. ಆ ಪಾಠ ಮುಂದೆ ಬರುತ್ತೆ. ಈಗ ಮೊದಲು ಸುಮ್ಮನಿರೋದು ಕಲೀರಿ."

ಓನರಮ್ಮನಿಗೆ ಅವಮಾನವಾಗಿತ್ತು. ಆದರೆ ಹಟದ ಹೆಂಗಸು. ಮುಂದಿನ ವಾರ ಒಂದು ಸ್ಟೀಲ್ ಬಾಟಲಿ ತಂದರು. ಎದುರಿನವರು ಮಾತಾಡುವಾಗ ಬುದ್ಧಿಮಾತು ಗಂಟಲಿಗೆ ಬಂತು ಎನ್ನಿಸಿದ ಕೂಡಲೇ ಬಾಯಿ ತುಂಬ ನೀರು ತುಂಬಿಕೊಂಡು ಕೂತುಬಿಡುತ್ತಿದ್ದರು. ನುಂಗುವುದಿಲ್ಲ. ಕೆನ್ನೆ ಉಬ್ಬಿರುತ್ತಿತ್ತು, ಕಣ್ಣು ಮಾತ್ರ ಎದುರಿನವರ ಮೇಲೆ. ಹೇಳಬೇಕೆನ್ನುವ ಆಸೆ ಇಳಿದ ಮೇಲೆ ನೀರೂ ಇಳಿಯುತ್ತಿತ್ತು. ಹುಡುಗರು ಮುಸಿಮುಸಿ ನಗುತ್ತಿದ್ದರು. ನನಗೂ ನಗು ಬರುತ್ತಿತ್ತು. ಆದರೆ ಎರಡು ತಿಂಗಳಲ್ಲಿ ಅವರಷ್ಟು ಚೆನ್ನಾಗಿ ಸುಮ್ಮನಿರುವವರು ನಮ್ಮ ಪೈಕಿ ಯಾರೂ ಇರಲಿಲ್ಲ.

ಪ್ರಾಕ್ಟಿಕಲ್ಸ್‌ಗೆ ನಮ್ಮನ್ನು ವಿಜಯನಗರದ ಒಂದು ಉಚಿತ ಸಲಹಾ ಕೇಂದ್ರಕ್ಕೆ ಹಾಕಿದರು. ಮೆಡಿಕಲ್ ಶಾಪಿನ ಮೇಲೆ ಎರಡು ಕೋಣೆ. ಹೊರಗಿನದರಲ್ಲಿ ಒಬ್ಬರು ಸರದಿಯ ಮೇಲೆ ಕೂತು ಬಂದವರನ್ನು ವಿಚಾರಿಸಬೇಕು, ಒಳಗೆ ಇನ್ನೊಬ್ಬರು ಮಾತಾಡಿಸಬೇಕು. ಗೋಪ್ಯತೆ ಗೋಪ್ಯತೆ ಎಂದು ನಮ್ಮ ತಲೆ ತಿಂದವರು ಮಧ್ಯದ ಗೋಡೆಯನ್ನು ಮಾತ್ರ ಪ್ಲೈವುಡ್ಡಿನಲ್ಲಿ ಮಾಡಿಸಿದ್ದರು. ಒಳಗಿನ ಪಿಸುಮಾತೂ ಹೊರಗೆ ಕೇಳುತ್ತಿತ್ತು.

ಹಾಗಾಗಿ ಓನರಮ್ಮ ಕೆಲಸ ಮಾಡುವ ರೀತಿ ನನಗೆ ಗೊತ್ತು. ಕ್ಲೈಂಟಿನ ಕುರ್ಚಿಯನ್ನು ಬಾಗಿಲಿಗೆ ಮುಖ ಮಾಡಿ ಹಾಕುತ್ತಿದ್ದರು. "ಎದ್ದೋಗಕ್ಕೆ ದಾರಿ ಕಾಣ್ತಿದ್ರೆ ಕೂರ್ತಾರೆ ಮೇಷ್ಟ್ರೇ" ಎಂಬುದು ಅವರ ವಾದ. ಮೊದಲ ಪ್ರಶ್ನೆ ಯಾವಾಗಲೂ "ಊಟ ಆಯ್ತಾ?" ಮೇಡಂ ಅದು ಬೇಡವೆಂದಾಗ, "ಊಟ ಆಯ್ತಾ ಅಂದ್ರೆ ಎಲ್ರೂ ಆಯ್ತು ಅಂತಾರೆ. ಅದ್ರಲ್ಲಿ ಸುಳ್ಳು ಹೇಳೋರು ಹೆಂಗ್ ಹೇಳ್ತಾರೆ ನೋಡ್ಕೊಂಡ್ರೆ, ಆಮೇಲಿನ ಸುಳ್ಳು ಗೊತ್ತಾಗುತ್ತೆ" ಎಂದರು. ಮೇಡಂ ಮತ್ತೆ ಆ ಮಾತೆತ್ತಲಿಲ್ಲ.

ಜೊತೆಗೆ ಬಂದ ನೆಂಟರನ್ನು ಓಡಿಸುವುದರಲ್ಲಂತೂ ನಿಸ್ಸೀಮರು. ಬಸವೇಶ್ವರನಗರದಿಂದ ಒಬ್ಬ ಅತ್ತೆ ಸೊಸೆಯನ್ನು ಕರೆತಂದು, "ಇವಳಿಗೆ ಸ್ವಲ್ಪ ಬುದ್ಧಿ ಹೇಳಿ ಮೇಡಂ" ಎಂದಾಗ, ಓನರಮ್ಮ ಆ ಅತ್ತೆಯ ಭುಜ ಹಿಡಿದು ಹೊರಗೆ ತಂದು ನನ್ನ ಮುಂದೆ ಕೂರಿಸಿದರು. "ಮೇಷ್ಟ್ರೇ, ಇವ್ರು ಹೇಳೋದೆಲ್ಲ ಕೇಳಿಸ್ಕೊಳ್ಳಿ. ನಂಗೆ ಒಳಗೆ ಕೆಲ್ಸ ಐತೆ." ಆ ಅತ್ತೆ ಒಂದು ಗಂಟೆ ನನ್ನ ಪ್ರಾಣ ಹಿಂಡಿದಳು.

ಒಬ್ಬ ಆಟೋ ಡ್ರೈವರ್ ಬರುತ್ತಿದ್ದ. ಮಗು ಸತ್ತ ಮೇಲೆ ಮಾತೇ ಬಿಟ್ಟಿದ್ದವನು. ಓನರಮ್ಮ ಮೂರು ವಾರ ಅವನೆದುರು ಸುಮ್ಮನೆ ಕೂತಿದ್ದರು. ನಾಲ್ಕನೆಯ ವಾರ ಅವನು ದನಿ ತೆಗೆದು ಅತ್ತ. ಆ ಶನಿವಾರದ ಕ್ಲಾಸಿನಲ್ಲಿ ಮೇಡಂ ಎಲ್ಲರೆದುರು, "ಕೇಳಿಸಿಕೊಳ್ಳೋದು ಅಂದ್ರೆ ಇದು. ಇವರನ್ನ ನೋಡಿ ಕಲೀರಿ" ಎಂದರು. ಕೊನೆಯ ಬೆಂಚಿನಲ್ಲಿ ಓನರಮ್ಮ ಸೆರಗು ಸರಿಮಾಡಿಕೊಂಡು ಸುತ್ತ ನೋಡಿದರು. ಪರೀಕ್ಷೆಯಲ್ಲಿ ಮೊದಲ ಸಲ ಪಾಸಾದ ಹುಡುಗಿಯರ ಮುಖವನ್ನು ನಾನು ಎಷ್ಟೋ ವರ್ಷ ನೋಡಿದ್ದೇನೆ. ಅಂಥದೇ ಮುಖ.

ಅದೇ ಬೇಸಿಗೆಯಲ್ಲಿ ಆ ಹುಡುಗಿ ಬಂದಳು. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಮೆಷಿನ್ ಮುಂದೆ ಕೂತವಳು ಹೊಲಿಯುವುದು ಬಿಟ್ಟು ನೋಡುತ್ತ ಕೂತುಬಿಡುತ್ತಾಳೆ ಎಂದು ಅಲ್ಲಿಯವರೇ ಕಳಿಸಿದ್ದರು. ಮದುವೆಯಾಗಿ ಎರಡು ವರ್ಷ. ಗಂಡ ಹೊಡೆಯುತ್ತಾನೆಂದು ತವರಿಗೆ ಬಂದಿದ್ದಳು. ತವರೆಂದರೆ ತಾಯಿ ಒಬ್ಬಳೇ. ಆಕೆಯೂ ಅದೇ ಗಾರ್ಮೆಂಟ್ಸ್‌ನಲ್ಲಿ ಹೊಲಿದ ಬಟ್ಟೆಗಳ ದಾರ ಕತ್ತರಿಸುವವಳು.

ಪ್ರತಿ ಗುರುವಾರ ಮಧ್ಯಾಹ್ನ ಬರುತ್ತಿದ್ದಳು. ಓನರಮ್ಮನ ಹತ್ತಿರ ಬಿಟ್ಟು ಬೇರೆ ಯಾರ ಹತ್ತಿರವೂ ಕೂರುತ್ತಿರಲಿಲ್ಲ. ಒಂದು ವಾರ ಫ್ಯಾನ್ ಕೆಟ್ಟಿತ್ತು. ಬೆವರು ಸುರಿಯುವ ಸೆಕೆ. ಹುಡುಗಿ ವೇಲನ್ನು ಕತ್ತಿಗೆ ಎರಡು ಸುತ್ತು ಸುತ್ತಿಕೊಂಡೇ ಕೂತಿದ್ದಳು. "ವೇಲ್ ತೆಗ್ದು ಆರಾಮಾಗಿ ಕೂತ್ಕೊಳಮ್ಮ" ಎಂದು ಓನರಮ್ಮ ಹೇಳಿದರೆ, "ನೆಗಡಿ ಆಂಟಿ, ಪರ್ವಾಗಿಲ್ಲ" ಎಂದಳು. ಶನಿವಾರ ಓನರಮ್ಮ ಇದನ್ನು ಮೇಡಂ ಮುಂದೆ ಇಟ್ಟರು. "ಊಟ ಆಯ್ತು ಅಂತ ಸುಳ್ಳು ಹೇಳ್ತಾಳಲ್ಲ, ಹಂಗೇ ಹೇಳಿದ್ಲು ಮೇಡಂ ನೆಗಡಿ ಅಂತ." ಮೇಡಂ ಯೋಚನೆ ಮಾಡಿ, ಒತ್ತಾಯ ಬೇಡ, ನಂಬಿಕೆ ಬಂದರೆ ಅವಳೇ ತೋರಿಸುತ್ತಾಳೆ, ಮುಂದಿನ ವಾರ ಮೆಲ್ಲಗೆ ಇನ್ನೊಮ್ಮೆ ಕೇಳಿ ಎಂದರು.

ಮುಂದಿನ ವಾರ ಹುಡುಗಿ ಬಂದವಳೇ ಬೇರೆ ಸುದ್ದಿ ಹೇಳಿದಳು. ನಾನು ಹೊರಗಿದ್ದೆ. ಒಂದೊಂದು ಮಾತೂ ಕೇಳುತ್ತಿತ್ತು.

"ಭಾನ್ವಾರ ಬತ್ತಾರಂತೆ ಆಂಟಿ, ಕರ್ಕೊಂಡೋಗಕ್ಕೆ. ನಮ್ ಮಾವ್ನೋರೂ ಬತ್ತಾರಂತೆ. ಇನ್ಮೇಲೆ ಕೈ ಮಾಡಲ್ಲ ಅಂತ ಮಾತು ಕೊಟ್ಟವ್ರೆ."

"ಹ್ಞೂಂ."

"ಹೋಗ್ಲಾ?"

ಬಾಟಲಿಯ ಮುಚ್ಚಳ ತಿರುಗಿದ ಸದ್ದು. ಓನರಮ್ಮ ನೀರು ತುಂಬಿಕೊಂಡರೆಂದು ನನಗೆ ಗೊತ್ತಾಯಿತು.

"ನೀವೇ ಹೇಳಿ ಆಂಟಿ. ಹೋಗ್ಲಾ, ಬ್ಯಾಡ್ವಾ?"

ಎಷ್ಟೋ ಹೊತ್ತು ಒಳಗೆ ಮಾತಿಲ್ಲ. ಕೆಳಗಿನ ರಸ್ತೆಯಲ್ಲಿ ಬಸ್ಸು ಹೋಯಿತು. ಆಮೇಲೆ ಓನರಮ್ಮನ ದನಿ, ಅವರದಲ್ಲದ ಮೆತ್ತಗಿನ ದನಿ: "ನಿಂಗೇನ್ ಅನ್ಸುತ್ತಮ್ಮ?"

"ನಂಗ್ ಅನ್ಸೋದೇನೈತೆ" ಎಂದಳು ಹುಡುಗಿ. ಸ್ವಲ್ಪ ತಡೆದು, "ಸರಿ ಬಿಡಿ ಆಂಟಿ" ಎಂದಳು. ಓನರಮ್ಮ ವೇಲಿನ ವಿಷಯ ತೆಗೆದರು. ಹುಡುಗಿ ನಕ್ಕು, ಅದೆಲ್ಲ ಹೋಯ್ತು ಆಂಟಿ ಎಂದಳು. ಮುಂದಿನ ವಾರ ಬರ್ತೀಯಲ್ಲ ಎಂದರೆ ಬತ್ತೀನಿ ಎಂದಳು. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡು, ನನಗೂ ಬತ್ತೀನಿ ಸಾರ್ ಅಂತ ಹೇಳಿ ಇಳಿದು ಹೋದಳು. ಓನರಮ್ಮ ಬಾಗಿಲಲ್ಲಿ ನಿಂತಿದ್ದರು. "ಬಾಯಿಗ್ ಬಂದಿತ್ತು ಮೇಷ್ಟ್ರೇ. ನುಂಗ್ಕೊಂಡೆ" ಎಂದರು.

ಮುಂದಿನ ಗುರುವಾರ ಅದೇ ಹೊತ್ತಿಗೆ ಮೆಟ್ಟಿಲು ಹತ್ತಿ ಬಂದವಳು ಹುಡುಗಿಯಲ್ಲ, ಅವಳ ತಾಯಿ. ನಾವಿಬ್ಬರೂ ಹೊರಗಿನ ಕೋಣೆಯಲ್ಲೇ ಇದ್ದೆವು. ಆಕೆ ಕೂರಲಿಲ್ಲ. "ನನ್ ಮಗ್ಳು ಇಲ್ಲಿಗ್ ಬತ್ತಿದ್ಲಲ್ಲ, ಅವ್ಳು ಇನ್ ಬರಾಕಿಲ್ಲ. ನೀವ್ ಕಾಯ್ತೀರಿ ಅಂತ ಹೇಳೋಗಕ್ ಬಂದೆ" ಎಂದಳು.

ಮಂಗಳವಾರ ಸತ್ತಿದ್ದಳು. ನೇಣು ಹಾಕಿಕೊಂಡಳೆಂದು ಗಂಡನ ಮನೆಯವರು ಹೇಳಿದರಂತೆ. ಕತ್ತು ನೋಡಿದ ಪೊಲೀಸರು ಗಂಡನನ್ನು ಹಿಡಿದುಕೊಂಡು ಹೋದರಂತೆ. ಇಷ್ಟನ್ನೂ ಆಕೆ ಅಳದೆ ಹೇಳಿದಳು.

"ಯಾಕ್ ಕಳಿಸಿದ್ರಿ?" ಓನರಮ್ಮ ಕೂಗಿದರು. ಗೇಟಿನ ಮುಂದೆ ನಿಲ್ಲುತ್ತಿದ್ದ ಹಳೆಯ ಓನರಮ್ಮನ ದನಿ ಅದು. "ಹೆತ್ತೋಳಲ್ವಾ ನೀವು? ಯಾಕ್ ಕಳಿಸಿದ್ರಿ?"

ತಾಯಿಗೆ ಸಿಟ್ಟು ಬರಲಿಲ್ಲ. "ನಂಗೂ ಮನ್ಸಿರ್ಲಿಲ್ಲ ಕಣಕ್ಕ. ಅವ್ಳೇ ಅಂದ್ಲು, ಆಂಟಿನ ಎಲ್ಡ್ ಸತಿ ಕೇಳ್ದೆ ಕಣವ್ವ, ಬ್ಯಾಡ ಅನ್ನಲಿಲ್ಲ ಅಂತ. ನಿಮ್ಮಂಗೆ ತಿಳ್ದೋರು ಬ್ಯಾಡ ಅನ್ನಲಿಲ್ಲ ಅಂದ್ಮೇಲೆ ನಾನೇನ್ ಅನ್ಲಿ? ಕುಂಕುಮ ಇಟ್ಟು ಕಳಿಸ್ದೆ."

ಆಕೆ ಬೈಯಲು ಬಂದವಳಲ್ಲ, ನಡೆದದ್ದು ಹೇಳುತ್ತಿದ್ದಳು ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು. ಚಪ್ಪಲಿ ತೆಗೆದುಕೊಂಡು ಹೊಡೆದಿದ್ದರೂ ಚೆನ್ನಾಗಿತ್ತು ಎಂದು ಓನರಮ್ಮ ಆಮೇಲೆ ಎಷ್ಟೋ ಸಲ ಹೇಳಿದರು.

ಆ ದಿನ ಅವರನ್ನು ಮನೆಗೆ ಬಿಡಲು ನಾನೇ ಹೋದೆ. ಮನೆ ಮುಂದೆ ಇಳಿದು, ಗೇಟು ಹಿಡಿದು ನಿಂತು ಹೇಳಿದರು: "ನಮ್ ಮಾವ ಜೀವಮಾನದಲ್ಲಿ ಬಾಯಿ ಬಿಟ್ಟು ಹೂಂ ಅಂದೋರಲ್ಲ ಮೇಷ್ಟ್ರೇ. ಮದ್ವೆ ಮಾತಾಗ್ಲಿ, ಹೊಲ ಮಾರೋದಾಗ್ಲಿ, ಅವ್ರ ಮುಂದೆ ಹೇಳೋದು. ಬ್ಯಾಡ ಅಂದ್ರೆ ಇಲ್ಲ. ಸುಮ್ನೆ ಟವೆಲ್ ಒದ್ರಿ ಎದ್ದೋದ್ರೆ ಆಯ್ತು ಅಂತ. ನನ್ನ ಈ ಮನೆಗ್ ತಂದಿದ್ದೂ ಹಂಗೇ. ನಮ್ ಕಡೆ ಹುಟ್ಟಿದ್ ಮಕ್ಳಿಗೆಲ್ಲ ಇದು ಗೊತ್ತು. ಆ ಹುಡ್ಗಿಗೆ ಗೊತ್ತಿತ್ತು. ಮೇಡಂಗೆ ಗೊತ್ತಿಲ್ದೇ ಇರ್ಬೋದು, ಪುಸ್ತಕ ಬರ್ದೋರ್ಗೆ ಗೊತ್ತಿಲ್ದೇ ಇರ್ಬೋದು. ನಂಗ್ ಗೊತ್ತಿರ್ಲಿಲ್ವಾ?"

ನಾನು ಅದೇ ಆಟೋದಲ್ಲಿ ವಾಪಸು ಹೊರಟೆ.

ಓನರಮ್ಮ ಪೊಲೀಸ್ ಠಾಣೆಗೆ ತಾವಾಗಿಯೇ ಹೋಗಿ ವೇಲಿನ ವಿಷಯ ಹೇಳಿ ಬಂದರು. ಕೇಸು ಇನ್ನೂ ನಡೆಯುತ್ತಿದೆ. ಮೇಡಂ ಓನರಮ್ಮನ ಮನೆಗೆ ಬಂದು ಪಕ್ಕ ಕೂತು, ಕೈ ಹಿಡಿದುಕೊಂಡು, ಇದು ನಿಮ್ಮ ತಪ್ಪಲ್ಲ, ನಿಮಗಿಂತ ಮೊದಲು ನಾನು ಎಚ್ಚೆತ್ತುಕೊಳ್ಳಬೇಕಿತ್ತು, ಆದರೂ ಫಲ ನಮ್ಮ ಕೈಯಲ್ಲಿರಲ್ಲ ಎಂದು ಅತ್ತರು. ಓನರಮ್ಮ ಅವರಿಗೆ ಕಾಫಿ ಕೊಟ್ಟು ಕಳಿಸಿದರು. ಕ್ಲಾಸಿಗೆ ಮತ್ತೆ ಬರಲಿಲ್ಲ. ಜೀವಕ್ಕೆ ಅಪಾಯವಿದ್ದಾಗ ಏನು ಮಾಡಬೇಕೆಂಬ ಪಾಠ ಅದರ ಮುಂದಿನ ತಿಂಗಳು ಬಂತು. ಅಂಥ ಹೊತ್ತಿನಲ್ಲಿ ಸುಮ್ಮನಿರಬಾರದು, ಬಾಯಿ ಬಿಟ್ಟು ಹೇಳಬೇಕು ಎಂದು ಮೇಡಂ ತಡವರಿಸುತ್ತ ಓದಿದರು. ಕೊನೆಯ ಬೆಂಚಿನಲ್ಲಿ ನಾನೊಬ್ಬನೇ ಕೂತಿದ್ದೆ. ನನಗೆ ಆ ಪುಸ್ತಕದ ಮೇಲೆ, ಅದರಲ್ಲಿ ಪಾಠಗಳನ್ನು ಜೋಡಿಸಿದವರ ಮೇಲೆ, ಎಲ್ಲರ ಮೇಲೂ ಸಿಟ್ಟಿತ್ತು.

ಇಷ್ಟಾದ ಮೇಲೆ ಓನರಮ್ಮ ಮತ್ತೆ ಹಳೆಯ ಜೋರಿಗೆ ತಿರುಗುತ್ತಾರೆ, ಕಂಡಕಂಡವರಿಗೆ ಬುದ್ಧಿ ಹೇಳುತ್ತಾರೆ ಎಂದುಕೊಂಡಿದ್ದೆ. ಅದೂ ಆಗಲಿಲ್ಲ. ಹೇಳುವುದಕ್ಕೆ ಹೆದರಿದರು, ಸುಮ್ಮನಿರುವುದಕ್ಕೂ ಹೆದರಿದರು. ಬಾಡಿಗೆಯವರು ಜಗಳ ತಂದರೆ, "ನನ್ನ ಕೇಳ್ಬೇಡಿ" ಎಂದು ಒಳಗೆ ಹೋಗುತ್ತಿದ್ದರು. ಎರಡು ಹೆಜ್ಜೆ ಹೋದವರು ತಿರುಗಿ ಬಂದು, "ನಾನ್ ಸುಮ್ನಿದೀನಿ ಅಂದ್ರೆ ಹೂಂ ಅಂತಲ್ಲ, ತಿಳ್ಕೊಳ್ಳಿ" ಎಂದು ಸೇರಿಸುತ್ತಿದ್ದರು. ಈ ಮಾತು ಅವರಿಗೆ ಅಂಟಿಕೊಂಡುಬಿಟ್ಟಿತು. ತರಕಾರಿ ಗಾಡಿಯವನು ಅರ್ಧ ಕೆಜಿ ಬೀನ್ಸ್ ಹಾಕ್ಲಾ ಎಂದರೂ ಇದೇ. ಸಾರಿಗೆ ಉಪ್ಪು ಸರಿಯಿದೆಯಾ ಅತ್ತೆ ಎಂದು ಸೊಸೆ ಕೇಳಿದರೂ ಇದೇ. ಬೀದಿಯ ಹುಡುಗರು ಅದನ್ನು ಅಣಕಿಸಿ ಆಡುತ್ತಿದ್ದರು.

ಕಿರಿಯ ಮಗನಿಗೆ ಹೆಣ್ಣು ನೋಡಿ ಬಂದ ದಿನ ನಾನೂ ಆ ಮನೆಯಲ್ಲಿದ್ದೆ. ಎಲ್ಲರಿಗೂ ಒಪ್ಪಿಗೆಯಾಗಿತ್ತು. ಕೊನೆಗೆ ಗಂಡ, "ನೀನೇನಂತೀಯೇ?" ಎಂದು ಕೇಳಿದರು. ಓನರಮ್ಮ ಕಾಫಿ ಲೋಟಗಳನ್ನು ತಟ್ಟೆಗೆ ಜೋಡಿಸತೊಡಗಿದರು. ಮಗ, "ಅಮ್ಮಾ, ಹೂಂ ಅಂತಾದ್ರೂ ಅನ್ನು, ಇಲ್ಲ ಅಂತಾದ್ರೂ ಅನ್ನು. ಎಷ್ಟು ದಿನ ಹಿಂಗೇ?" ಎಂದು ರೇಗಿದ. ಆಕೆ ಎದ್ದು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮಗ ಸಿಟ್ಟಿನಲ್ಲಿ ಆ ಸಂಬಂಧವನ್ನೇ ಬಿಟ್ಟ. ಬೀದಿಗೆಲ್ಲ ನ್ಯಾಯ ಹೇಳುತ್ತಿದ್ದ ಹೆಂಗಸು ಸ್ವಂತ ಮಗನಿಗೆ ಒಂದಕ್ಷರ ಹೇಳಲಾರದೆ ಹೋದರು.

ಕಾಮಾಕ್ಷಿಪಾಳ್ಯದ ಆ ತಾಯಿಯ ಮನೆಗೆ ಮಾತ್ರ ಆಗಾಗ ಹೋಗುತ್ತಿದ್ದರು. ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಒಂದೇ ಕೋಣೆ. ತಾಯಿ ಟೀ ಮಾಡಿಕೊಟ್ಟಳು. ಇಬ್ಬರೂ ಗೋಡೆಗೊರಗಿ ಕೂತರು. ಮಗಳ ಮಾತು ಇಬ್ಬರೂ ಎತ್ತಲಿಲ್ಲ. ಹೊರಡುವಾಗ ತಾಯಿ, "ನೀವ್ ಬಂದೋದ್ರೆ ಒಂಥರ ಸಮಾಧಾನ ಕಣಕ್ಕ" ಎಂದಳು.

ಈ ವರ್ಷ ಓನರಮ್ಮನಿಗೆ ಕಾಯಿಲೆ ಬಂತು. ಪತ್ತೆಯಾಗುವ ಹೊತ್ತಿಗೆ ಕೈಮೀರಿತ್ತು. ಕೊನೆಯ ಸಲ ನೋಡಲು ಹೋದಾಗ ಕೆಳಗಿನ ಕೋಣೆಯಲ್ಲಿ ಮಲಗಿಸಿದ್ದರು. ಮೈಯಲ್ಲಿ ಏನೂ ಉಳಿದಿರಲಿಲ್ಲ. ನಾನು ಈಗ ಒಂದು ಶಾಲೆಯಲ್ಲಿ ಮಕ್ಕಳ ಕೌನ್ಸೆಲರ್. ಅಲ್ಲಿಯ ಸುದ್ದಿ ಏನೇನೋ ಹೇಳುತ್ತಿದ್ದೆ. ನಡುವೆ ತಡೆದರು.

"ಮೇಷ್ಟ್ರೇ, ಒಂದ್ ಮಾತ್ ಕೇಳ್ತೀನಿ. ಅವತ್ತು ನಾನು ಹೋಗ್ಬೇಡ ಅಂದಿದ್ರೆ, ಆ ಹುಡ್ಗಿ ಉಳೀತಿದ್ಲಾ?"

ಇದನ್ನು ಅವರು ಬಹಳ ಜನರನ್ನು ಕೇಳಿದ್ದರೆಂದು ನನಗೆ ಗೊತ್ತಿತ್ತು. ಗಂಡನನ್ನು, ಮೇಡಂ ಅವರನ್ನು, ದೇವಸ್ಥಾನದ ಅಯ್ಯನವರನ್ನು. ಅವಳ ಹಣೆಬರಹ, ನಿಮ್ಮ ಕೈಯಲ್ಲೇನಿತ್ತು ಎಂದು ಎಲ್ಲರೂ ಹೇಳಿದ್ದರು. ನನ್ನ ಬಾಯಿಗೂ ಮೊದಲು ಅದೇ ಬಂತು. ಅದರ ಹಿಂದೆಯೇ ನಾವು ಕಲಿತ ವಿದ್ಯೆ ಬಂತು: ನಿಮಗೇನು ಅನ್ನಿಸುತ್ತೆ? ಎರಡನ್ನೂ ಅನ್ನಲಾಗಲಿಲ್ಲ. ತಲೆ ತಗ್ಗಿಸಿ ಸುಮ್ಮನಿದ್ದುಬಿಡಬಹುದಿತ್ತು. ಆದರೆ ಆಕೆಯೆದುರು ಸುಮ್ಮನಿದ್ದರೆ ಅದಕ್ಕೇನು ಅರ್ಥ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅವರು ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದರು.

"ಉಳೀತಿದ್ಲು" ಎಂದೆ.

ಹೇಳಿದ ಮೇಲೆ ನನಗೆ ಭಯವಾಯಿತು. ಅವರು ಅಳಲಿಲ್ಲ. ಕಣ್ಣು ಮುಚ್ಚಿ ತಲೆಯಾಡಿಸಿದರು.

"ಹ್ಞೂಂ" ಎಂದರು. "ಮಾತ್ ಕೇಳೋ ಹುಡ್ಗಿ ಅದು."